ಜರಡಿಯಲ್ಲಿ ಸಿಕ್ಕ ಅರಿಶಿನದ ಕಾಗದ

ಮೋಸ ಹೋದವನನ್ನು ಕಂಡರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ನನ್ನನ್ನು ಕೇಳಿದರೆ ಪಾಪ ಅನ್ನಬೇಕಾದದ್ದು ಅವನಿಗಲ್ಲ, ಅವನ ಮನೆಯವರಿಗೆ. ಯಾಕೆಂದರೆ ಒಂದು ಸಲ ಮೋಸ ಹೋದವನು ಮಾರನೆಯ ದಿನದಿಂದಲೇ ಜಾಣನಾಗಿಬಿಡುತ್ತಾನೆ. ಪೆದ್ದ ಪೆದ್ದನಾಗಿದ್ದರೆ ಯಾರಿಗೂ ತೊಂದರೆಯಿಲ್ಲ. ಪೆದ್ದ ಜಾಣನಾದರೆ ಮನೆಮಂದಿಗೆಲ್ಲ ಗ್ರಹಚಾರ. ಹಾಲಿನವನ ಕ್ಯಾನಿಗೆ ಬೆರಳದ್ದಿ ನೋಡುತ್ತಾನೆ, ತರಕಾರಿಯವಳ ತಕ್ಕಡಿಯ ಕೆಳಗೆ ಬಗ್ಗಿ ನೋಡುತ್ತಾನೆ, ನೆಂಟರು ಬಾಗಿಲು ತಟ್ಟಿದರೂ ಕಿಟಕಿಯಿಂದ ಒಮ್ಮೆ ಪರೀಕ್ಷಿಸಿಯೇ ಚಿಲಕ ತೆಗೆಯುತ್ತಾನೆ. ನಾನು ಆ ಜಾತಿಯ ಜಾಣ. ನನ್ನ ಈ ಜಾಣತನದಿಂದ ನನ್ನ ಅಕ್ಕನ ಮಗಳ ಮದುವೆ ತಪ್ಪಿಹೋಗುವುದರಲ್ಲಿತ್ತು. ತಪ್ಪಲಿಲ್ಲ. ತಪ್ಪದೇ ಇದ್ದ ಪುಣ್ಯ ನನ್ನದಲ್ಲ, ಇನ್ನೊಬ್ಬರದು. ಅವರ ಋಣ ನನ್ನ ಮೇಲಿದೆ. ತೀರಿಸುವ ಯೋಗ್ಯತೆ ನನಗಿಲ್ಲವಾದ್ದರಿಂದ, ಕಡೇಪಕ್ಷ ನಾಲ್ಕು ಜನರ ಮುಂದೆ ಹೇಳಿಕೊಳ್ಳೋಣ ಅಂತ ಕೂತಿದ್ದೇನೆ.

ಅವರ ಹೆಸರು ಮುನಿಶಾಮಪ್ಪ. ಮುಳಬಾಗಿಲಿನಲ್ಲಿ ನಮ್ಮ ಬೀದಿಗೆ ವರ್ಷಾನುಗಟ್ಟಲೆ ಟಪಾಲು ಹಾಕಿದವರು. ತೊಂಬತ್ತರ ದಶಕದಲ್ಲೂ ನಮ್ಮ ಬೀದಿಯ ಮನೆಗಳಲ್ಲಿ ಫೋನು ಇದ್ದದ್ದು ಒಂದೋ ಎರಡೋ. ಮಿಕ್ಕವರ ಹುಟ್ಟು, ಸಾವು, ಪಾಸು, ಫೇಲು, ವರ್ಗಾವಣೆ ಎಲ್ಲವೂ ಮುನಿಶಾಮಪ್ಪನವರ ಖಾಕಿ ಚೀಲದಲ್ಲೇ ಬರಬೇಕು. ಆ ಚೀಲದಲ್ಲಿ ಏನೇನು ಯಾವ ಕ್ರಮದಲ್ಲಿ ಹೊರಗೆ ಬರಬೇಕು ಅನ್ನುವುದಕ್ಕೆ ಅವರದೇ ಒಂದು ಶಾಸ್ತ್ರವಿತ್ತು. ಶುಭದ ಕಾಗದಕ್ಕೆ ನಾಲ್ಕು ಮೂಲೆಗೂ ಅರಿಶಿನ, ಕುಂಕುಮ ಹಚ್ಚಿ ಕಳಿಸುವುದು ನಮ್ಮ ಕಡೆಯ ಪದ್ಧತಿಯಷ್ಟೆ. ಅಂಥದ್ದೊಂದು ಇದ್ದರೆ ಅವರು ಬೀದಿಯ ತುದಿಯಿಂದಲೇ ಸೈಕಲ್ ಬೆಲ್ಲು ಹೊಡೆಯುತ್ತಾ, "ಅಮ್ಮಣ್ಣೀ, ಅರಿಶಿನದ ಕಾಗದ!" ಅಂತ ಕೂಗುತ್ತಿದ್ದರು. ಯಾರ ಮನೆಯದೆಂದು ಗೊತ್ತಾಗುವ ಮೊದಲೇ ಎಲ್ಲ ಮನೆಯ ಹೆಂಗಸರೂ ಸೆರಗಿಗೆ ಕೈಯೊರೆಸಿಕೊಂಡು ಬಾಗಿಲಿಗೆ ಬರುತ್ತಿದ್ದರು. ಸಾವಿನ ಕಾಗದವಿದ್ದರೆ ಬೆಲ್ಲಿಲ್ಲ. ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ಬಂದು, "ಊಟ ಆಯ್ತಾ ಸಾಮಿ?" ಅಂತ ಕೇಳುತ್ತಿದ್ದರು. ಆಗಿಲ್ಲ ಅಂದರೆ, "ಮಾಡ್ಕೊಳಿ, ಮುಂದಿನ ಬೀದಿ ಮುಗಿಸ್ಕೊಂಡು ಬರ್ತೀನಿ" ಅಂತ ಹೊರಟುಬಿಡುವರು. ನಮ್ಮ ತಂದೆ ಈ ಪ್ರಶ್ನೆಗೆ ಎಷ್ಟು ಹೆದರುತ್ತಿದ್ದರೆಂದರೆ, ಅವರು ಬರೀ ಉಪಚಾರಕ್ಕೆ ಊಟವಾಯಿತೇ ಎಂದು ಕೇಳಿದ ದಿನವೂ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದರು.

ಆಗಲೂ ಬೇಡದ ಕಾಗದ ಬರುತ್ತಿರಲಿಲ್ಲವೆಂದಲ್ಲ. "ಇದನ್ನು ಓದಿದವರು ಇಪ್ಪತ್ತೊಂದು ಜನಕ್ಕೆ ಬರೆದು ಹಾಕಿದರೆ ಲಾಭ, ಉದಾಸೀನ ಮಾಡಿದರೆ ರಕ್ತ ಕಾರಿಕೊಳ್ಳುತ್ತೀರಿ" ಅನ್ನುವ ಕಾರ್ಡು ತಿಂಗಳಿಗೊಂದಾದರೂ ಬಂದೇ ಬರುತ್ತಿತ್ತು. ಮುನಿಶಾಮಪ್ಪ ಅದನ್ನೂ ಕೈಗೆ ಕೊಡುತ್ತಿದ್ದರು. ಇಲ್ಲವೆನ್ನುವಂತಿಲ್ಲ, ಅದು ಅವರ ಧರ್ಮ. ಆದರೆ ಎಲ್ಲಕ್ಕಿಂತ ಕಡೆಯಲ್ಲಿ, ಎರಡು ಬೆರಳಿನ ತುದಿಯಲ್ಲಿ ಹಿಡಿದು, "ಇದು ನೀರೊಲೆಗೆ ಸಾಮಿ" ಅಂತ ಹೇಳಿಯೇ ಕೊಡುತ್ತಿದ್ದರು. ನಮ್ಮಮ್ಮ ಹಾಗೇ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ರಕ್ತ ಕಾರಲಿಲ್ಲ. ಒಂದು ಕಾಗದವನ್ನು ಕೈಯಲ್ಲಿ ಹಿಡಿದೇ ಅದರ ಹೊಟ್ಟೆಯಲ್ಲೇನಿದೆ ಅಂತ ಹೇಳುವ ಮನುಷ್ಯ ಬಾಗಿಲಿಗೆ ದಿನಾ ಬರುತ್ತಿದ್ದಾಗ, ಅದೊಂದು ಭಾಗ್ಯ ಅಂತ ನಮಗೆ ಅನ್ನಿಸಿರಲಿಲ್ಲ.

ಮುನಿಶಾಮಪ್ಪ ನಿವೃತ್ತರಾಗಿ ತಮ್ಮೂರು ಬೈರಕೂರಿಗೆ ಹೋದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ಊರಲ್ಲೇ ಉಳಿದೆ. ಹೊಸ ಶತಮಾನ ಬಂದು ಎರಡು ಮೂರು ವರ್ಷವಾಗಿತ್ತು. ಶಾಲೆಗೊಬ್ಬರು ಕಂಪ್ಯೂಟರ್ ಕಲಿಯಬೇಕೆಂದು ಆಜ್ಞೆಯಾಗಿ, ಮಿಕ್ಕ ಮೇಷ್ಟ್ರುಗಳೆಲ್ಲ ಕಣ್ಣು, ಸೊಂಟ, ಮಕ್ಕಳ ಪರೀಕ್ಷೆ ಎಂದು ನೆಪ ಹೇಳಿದ್ದರಿಂದ ಹತ್ತು ದಿನದ ತರಬೇತಿಗೆ ನಾನು ಕೋಲಾರಕ್ಕೆ ಹೋಗಿಬಂದೆ. ಅಲ್ಲಿ ಹತ್ತು ಜನಕ್ಕೊಂದು ಕಂಪ್ಯೂಟರ್. ನನ್ನ ಸರದಿ ಬಂದಾಗಲೆಲ್ಲ ಕರೆಂಟು ಹೋಗುತ್ತಿತ್ತು. ಆದರೂ ಸರ್ಟಿಫಿಕೇಟು ಕೊಟ್ಟರು, ನಾನು ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದೆ. ಜೊತೆಗೆ ಒಂದು ಈಮೇಲ್ ವಿಳಾಸವೂ ಆಯಿತು. ನಮ್ಮ ಇಡೀ ವಂಶದಲ್ಲಿ ಆ ವಿಳಾಸ ಹೊಂದಿದ ಮೊದಲಿಗ ನಾನು. ಯಾರಾದರೂ ಮನೆ ವಿಳಾಸ ಕೇಳಿದರೂ ನಾನು ಈಮೇಲನ್ನೇ ಹೇಳಲು ಶುರುಮಾಡಿದ್ದೆ. ಗ್ಯಾಸಿನ ಸಿಲಿಂಡರ್ ತರುವವನು ಎರಡು ಸಲ ಅದನ್ನು ಬರೆದುಕೊಂಡು, ಮೂರನೆಯ ಸಲ ಬರುವುದನ್ನೇ ನಿಲ್ಲಿಸಿದ.

ವಿಳಾಸವಾಯಿತು, ಆದರೆ ಬರೆಯುವವರು ಯಾರು? ಬಸ್ ಸ್ಟ್ಯಾಂಡಿನ ಹತ್ತಿರ ನವಾಜ್ ಅನ್ನುವವರದೊಂದು ಬ್ರೌಸಿಂಗ್ ಸೆಂಟರ್ ಇತ್ತು. ಅವರ ತಂದೆಯ ಕಾಲಕ್ಕೆ ಅದು ಟ್ರಂಕು ರಿಪೇರಿ ಅಂಗಡಿ. ಈಗ ಮೂರು ಕಂಪ್ಯೂಟರ್, ಒಂದು ಜೆರಾಕ್ಸ್. ನಾನು ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತು ಈಮೇಲಿನ ಖಾಲಿ ಡಬ್ಬಿ ನೋಡಿಕೊಂಡು ಎದ್ದುಬರುತ್ತಿದ್ದೆ. ಹೀಗಿರುವಾಗ ಒಂದು ದಿನ ನನಗೆ ಪರದೇಶದ ಲಾಟರಿ ಹೊಡೆದಿರುವ ಕಾಗದ ಬಂತು. "ನಿಮಗೆ ಶುಭ ಸಮಾಚಾರ! ಕೂಡಲೇ ಉತ್ತರಿಸಿ!" ಅಂತ ಕೆಂಪು ಅಕ್ಷರದ ಇಂಗ್ಲಿಷ್. ನಾನು ಲಾಟರಿ ಚೀಟಿ ಕೊಂಡಿರಲಿಲ್ಲ ಅನ್ನುವ ಸಣ್ಣ ವಿಷಯ ಆ ಹೊತ್ತಿಗೆ ಹೊಳೆಯಲಿಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿದೆ. ಹೆಡ್ ಮೇಷ್ಟ್ರು ನನ್ನನ್ನು ಮೊದಲ ಬಾರಿಗೆ "ಬನ್ನಿ, ಕೂತ್ಕೊಳಿ" ಅಂದರು. ಡ್ರಿಲ್ ಮೇಷ್ಟ್ರು ತಾವೇ ಕಾಫಿ ತಂದುಕೊಟ್ಟರು. ಸಂಜೆ ನವಾಜರಿಗೆ ಗುಟ್ಟಾಗಿ ತೋರಿಸಿದರೆ ಅವರು ನಗಲಿಲ್ಲ, ಅದಕ್ಕಾಗಿ ಇಂದಿಗೂ ನಾನು ಅವರಿಗೆ ಕೃತಜ್ಞ. "ಸಾರ್, ಇದು ಈ ವಾರ ನಮ್ಮ ಸೆಂಟರ್‌ನಾಗೇ ಏಳು ಜನಕ್ಕೆ ಬಂದೈತೆ. ನನಗೂ ಬಂದೈತೆ. ಜೆರಾಕ್ಸ್ ಮಾಡೋ ನಮ್ಮ ಚಾಚಾಗೂ ಬಂದೈತೆ" ಅಂದರು.

ಆ ದಿನ ನಾನು ಜಾಣನಾದೆ. ಮಾರನೆಯ ದಿನವೇ ಹೋಗಿ, ಪರಿಚಯವಿಲ್ಲದವರ ಒಂದೇ ಒಂದು ಕಾಗದವೂ ಒಳಕ್ಕೆ ಬರದಂತೆ ಬಂದೋಬಸ್ತು ಮಾಡಿಕೊಡಿ ಅಂದೆ. ಈಮೇಲಿಗೆ ಸ್ಪ್ಯಾಮ್ ಫಿಲ್ಟರ್ ಅಂತ ಒಂದು ಜರಡಿ ಇರುತ್ತದೆಂದೂ, ಅದರ ಕಣ್ಣನ್ನು ಬೇಕಾದಷ್ಟು ಸಣ್ಣದು ಮಾಡಬಹುದೆಂದೂ ಅವರೇ ಹೇಳಿಕೊಟ್ಟರು. ಬಣ್ಣಬಣ್ಣದ ಅಕ್ಷರ, ಪೂರ್ತಿ ದೊಡ್ಡಕ್ಷರದ ಇಂಗ್ಲಿಷ್, ಮೂರು ಮೂರು ಆಶ್ಚರ್ಯಸೂಚಕ, ಅಭಿನಂದನೆ, ಅವಸರ, ಇವು ಯಾವುದನ್ನು ಕಂಡರೂ ಜರಡಿ ಅದನ್ನು ಪಕ್ಕಕ್ಕೆ ತಳ್ಳುತ್ತದಂತೆ. "ಇನ್ನೂ ಸಣ್ಣ ಮಾಡಿ" ಅಂದೆ. "ಸಾರ್, ತೀರಾ ಸಣ್ಣ ಮಾಡಿದ್ರೆ ಬೇಕಾದೋರೂ ಹೊರಗೇ ನಿಂತ್ಬಿಡ್ತಾರೆ" ಅಂದರು ನವಾಜ್. "ನನಗೆ ಬೇಕಾದವರು ಯಾರೂ ಮೂರು ಆಶ್ಚರ್ಯಸೂಚಕ ಹಾಕಲ್ಲ ಬಿಡಿ" ಅಂದೆ ನಾನು. ವ್ಯಾಕರಣದ ಶಿಸ್ತಿನ ಬಗ್ಗೆ ಮೇಷ್ಟ್ರಿಗಿರುವ ವಿಶ್ವಾಸ ಹಾಗಿರುತ್ತದೆ.

ಈಗ ಮದುವೆಯ ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕ ಶ್ರೀನಿವಾಸಪುರದಲ್ಲಿರುವುದು. ಭಾವ ತೀರಿಕೊಂಡಿದ್ದರಿಂದ ಅವಳ ಒಬ್ಬಳೇ ಮಗಳು ಸುಮಾಳ ಮದುವೆಯ ಜವಾಬ್ದಾರಿ ಸೋದರಮಾವನಾದ ನನ್ನ ತಲೆಯ ಮೇಲೆ. ಸುಮಾ ಊರಿನ ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಳು. ಅಷ್ಟುಹೊತ್ತಿಗೆ ಮೂರು ಕಡೆಯವರು ಬಂದು, ಕೇಸರಿಬಾತು ತಿಂದು, ಹೊಗಳಿ, "ಊರಿಗೆ ಹೋಗಿ ಕಾಗದ ಹಾಕ್ತೀವಿ" ಅಂತ ಹೇಳಿ ಹೋಗಿದ್ದರು. ಈ ಮಾತಿನ ಅರ್ಥ ಹೆಣ್ಣು ಹೆತ್ತ ಮನೆಯವರಿಗೆಲ್ಲ ಗೊತ್ತು. ಆ ಕಾಗದ ಯಾವತ್ತೂ ಬರುವುದಿಲ್ಲ. ಮೂರನೆಯವರು ಹೋದ ಮೇಲೆ ಸುಮಾ, "ಮಾವ, ಮುಂದಿನ ಸಲ ಬರೋರಿಗೆ ಸ್ಟಾಂಪ್ ಹಚ್ಚಿದ ಕವರ್ ನಾವೇ ಕೊಟ್ಟು ಕಳಿಸೋಣ" ಅಂತ ನಕ್ಕಳು. ನಕ್ಕು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾಲ್ಕನೆಯವರು ತುಳಸಿ ಹಬ್ಬದ ಮಾರನೆಯ ದಿನ ಮಾಲೂರಿನಿಂದ ಬಂದರು. ಹುಡುಗ ದನದ ಡಾಕ್ಟರು. ತಟ್ಟೆ ಕೈಯಲ್ಲಿ ಹಿಡಿದು ಎರಡು ಚಮಚ ಉಪ್ಪಿಟ್ಟು ತಿಂದಿದ್ದನೋ ಇಲ್ಲವೋ, ಹಿತ್ತಲಿನಲ್ಲಿ ಹಸು ಕೆಮ್ಮಿತು. ಅವನು ತಟ್ಟೆ ಕೆಳಗಿಟ್ಟು, "ಎಷ್ಟು ದಿನದಿಂದ ಕೆಮ್ತಿದೆ?" ಅಂತ ಎದ್ದೇಬಿಟ್ಟ. ಹಸು ಗೌರಿ ಹೊಸಬರಿಗೆ ಹಾಯುವಂಥದ್ದು. ಸುಮಾಳೇ ಹೋಗಿ ಹಗ್ಗ ಹಿಡಿಯಬೇಕಾಯಿತು. ಹುಡುಗ ಹುಡುಗಿ ಹಸುವಿನ ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ಅರ್ಧ ಗಂಟೆ ಮಾತಾಡಿದರು. ಒಳಗೆ ಕೂತ ನಮಗೆ ಕೇಳಿಸಿದ್ದು "ಒಣಹುಲ್ಲಿಗೆ ನೀರು ಚಿಮುಕಿಸಿ ಹಾಕಿ, ಧೂಳಿಗೆ ಕೆಮ್ಮು" ಅನ್ನುವ ಒಂದೇ ಮಾತು. ಅವರು ಹೋದ ಮೇಲೆ ಅಕ್ಕ, "ಏನೇ, ಹುಡುಗ ಹೇಗೆ?" ಅಂದಳು. ಸುಮಾ, "ಹಸುವನ್ನ ಮೊದಲು ನೋಡಿದರಲ್ಲಮ್ಮ" ಅಂದಳು. ಅಷ್ಟೇ. ಮೂರು ಸಲ ನಕ್ಕಿದ್ದ ಹುಡುಗಿ ಈ ಸಲ ನಗದೇ ಹೇಳಿದ್ದರಿಂದ ನನಗೆ ವಿಷಯ ಗೊತ್ತಾಯಿತು.

ಹುಡುಗನ ತಂದೆ ಅನಂತರಾಮಯ್ಯ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರೇ, ಫೋನಿನ ಮಾತು ಗಾಳೀಲಿ ಹೋಗುತ್ತೆ. ಶುಭದ ವಿಷಯ ಬರವಣಿಗೇಲಿ ಇರಬೇಕು. ನಾನು ಈಗ ಈಮೇಲ್ ಕಲೀತಾ ಇದ್ದೀನಿ. ನಿಮ್ಮ ಕಡೆ ಯಾರಿಗಾದ್ರೂ ಇದೆಯೋ?" ಅಂದರು. ಇಂಥ ಪ್ರಶ್ನೆಗಾಗಿಯೇ ನಾನು ವರ್ಷದಿಂದ ಕಾದಿದ್ದೆ. ಕ್ಯಾಲೆಂಡರಿನ ಹಾಳೆ ಹರಿದು, ದೊಡ್ಡಕ್ಷರದಲ್ಲಿ ನನ್ನ ವಿಳಾಸ ಬರೆದು, ಎರಡು ಸಲ ಓದಿ ಹೇಳಿ ಕೊಟ್ಟೆ. ಅವರ ವಿಳಾಸ ಕೇಳಿ ಬರೆದುಕೊಂಡು, ಪರಿಚಯದವರ ಪಟ್ಟಿಗೆ ಸೇರಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. ಹೆಣ್ಣಿನ ಕಡೆಯವನು ಮೇಲೆ ಬಿದ್ದು ಕೇಳುವುದು ಹೇಗೆ ಅನ್ನುವ ಬಿಗುಮಾನ. ಜರಡಿಯ ವಿಷಯವಂತೂ ನೆನಪಿಗೇ ಬರಲಿಲ್ಲ.

ಒಂದು ವಾರವಾಯಿತು, ಎರಡು ವಾರವಾಯಿತು. ನಾನು ದಿನಾ ಸಂಜೆ ನವಾಜರ ಸೆಂಟರಿಗೆ ಹೋಗಿ, ಡಬ್ಬಿ ತೆರೆದು, ಮುಚ್ಚಿ ಬರುತ್ತಿದ್ದೆ. ಬಂದದ್ದೆಂದರೆ ದೂರದ ಬಂಧುವೊಬ್ಬರ ವೈಕುಂಠ ಸಮಾರಾಧನೆಯ ಕಾಗದವೊಂದೇ. ಕಪ್ಪು ಅಕ್ಷರದಲ್ಲಿ, ಆಶ್ಚರ್ಯಸೂಚಕಗಳಿಲ್ಲದೆ, ಬಹಳ ಶಿಸ್ತಾಗಿ ನೇರ ಒಳಕ್ಕೆ ಬಂದಿತ್ತು. ಅಕ್ಕ ಎರಡು ದಿನಕ್ಕೊಮ್ಮೆ ಪಕ್ಕದ ಮನೆಯಿಂದ ಫೋನು ಮಾಡುವಳು. "ಬಂತೇನೋ?" "ಇಲ್ಲ ಕಣೇ." "ಸರಿಯಾಗಿ ನೋಡಿದ್ಯಾ?" "ನೋಡ್ದೆ ಕಣೇ, ನಂಗೆ ಕಂಪ್ಯೂಟರ್ ಬರಲ್ವಾ?" "ನಾವೇ ಒಂದ್ಸಲ ಫೋನ್ ಮಾಡಿ ಕೇಳೋಣ್ವೇನೋ?" "ಬೇಡ ಕಣೇ, ನಮಗೂ ಒಂದು ಮರ್ಯಾದೆ ಇದೆ." ಮರ್ಯಾದೆಯ ಜೊತೆಗೆ ಒಂದಿಷ್ಟು ಸಿಟ್ಟೂ ಸೇರಿಕೊಂಡು, ಅನಂತರಾಮಯ್ಯನವರು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡದ್ದನ್ನು ನಾನು ಫೋನಿನಲ್ಲಿ ಟೀಕಿಸಿದೆ. ದೇವರು ಕ್ಷಮಿಸಲಿ. ಧನುರ್ಮಾಸ ಹತ್ತಿರ ಬರುತ್ತಿತ್ತು. ಅದು ಶುರುವಾದರೆ ಒಂದು ತಿಂಗಳು ಶುಭದ ಮಾತೇ ಇಲ್ಲ; ಅಷ್ಟರೊಳಗೆ ಆ ಮನೆಯವರು ಬೇರೆ ಕಡೆ ಜಾತಕ ನೋಡಿಯೇ ನೋಡುತ್ತಾರೆ. ಒಂದು ಭಾನುವಾರ ಶ್ರೀನಿವಾಸಪುರಕ್ಕೆ ಹೋದರೆ ಸುಮಾ ಹಿತ್ತಲಿನಲ್ಲಿ ಹುಲ್ಲಿಗೆ ನೀರು ಚಿಮುಕಿಸುತ್ತಿದ್ದಳು. ನನ್ನನ್ನು ನೋಡಿ, "ಗೌರಿಗೆ ಕೆಮ್ಮು ಹೋಯ್ತು ಮಾವ" ಅಂದಳು. ಕಾಗದದ ವಿಷಯ ಕೇಳಲಿಲ್ಲ. ಕೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ.

ಧನುರ್ಮಾಸಕ್ಕೆ ಇನ್ನು ಮೂರು ದಿನ ಅನ್ನುವಾಗ ನವಾಜರ ಸೆಂಟರಿನಲ್ಲಿ ಮುನಿಶಾಮಪ್ಪ ಸಿಕ್ಕಿದರು. ರೇಷನ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಬೈರಕೂರಿನಿಂದ ಬಂದಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಭುಜ ಮಾತ್ರ ಚೀಲ ತೂಗುಹಾಕಿದ ಕಡೆಗೆ ಇನ್ನೂ ವಾಲಿಕೊಂಡೇ ಇತ್ತು. ನಾನು ಡಬ್ಬಿ ತೆರೆದು, ಖಾಲಿ ನೋಡಿ, ಮುಚ್ಚಿದೆ. "ಏನ್ ಸಾಮಿ, ಮುಖ ಸಪ್ಪಗೈತೆ?" ಅಂದರು. ತಿಂಗಳಿಂದ ದಿನಾ ಬರುತ್ತಿದ್ದರೂ ನವಾಜರಿಗೆ ನಾನು ವಿಷಯ ಹೇಳಿರಲಿಲ್ಲ. ಮನೆಯ ಮಾತು ಅಂಗಡಿಯಲ್ಲಿ ಯಾಕೆ ಅನ್ನುವ ಜಾಣತನ. ಆದರೆ ಮುನಿಶಾಮಪ್ಪನವರ ಹತ್ತಿರ ನಮ್ಮ ಮನೆಯವರು ಯಾವ ಕಾಗದವನ್ನು ಮುಚ್ಚಿಟ್ಟಿದ್ದೇವೆ? ಎಲ್ಲ ಹೇಳಿಬಿಟ್ಟೆ. ಅವರು ಬೀಡಿ ಆರಿಸಿ ಹೊರಗೆಸೆದು ಬಂದು ಬೆಂಚಿನ ಮೇಲೆ ಕೂತರು.

"ಆತ ಬರೀತೀನಿ ಅಂದೋರು ಬರ್ದಿರ್ತಾರೆ ಸಾಮಿ. ರಿಜಿಸ್ಟರ್ ಆಫೀಸಿನೋರು ಅಂತೀರಿ."

"ಬರೆದಿದ್ದರೆ ಬರಬೇಕಿತ್ತಲ್ಲ ಮುನಿಶಾಮಪ್ಪನೋರೇ? ಎಲ್ಲೋ ಕಳೆದುಹೋಗಿರಬೇಕು."

"ಎಕ್ಕಡಿಕಿ ಪೋತುಂದಿ ಸಾಮಿ?" ಅಂದರು. ಮನಸ್ಸಿಗೆ ಹತ್ತಿರದ ಮಾತು ಬಂದಾಗ ಅವರ ಬಾಯಲ್ಲಿ ತೆಲುಗೇ ಬರುವುದು. "ಎಲ್ಲಿಗೆ ಹೋಗ್ತೈತೆ? ಕಾಗದ ಅನ್ನೋದು ಕಳ್ದೋಗಲ್ಲ, ಎಲ್ಲೋ ಒಂದ್ ಕಡೆ ಬಿದ್ದಿರ್ತೈತೆ. ಬಟವಾಡೆ ಆಗದೇ ಇರೋದಕ್ಕೆ ನಮ್ಮಲ್ಲಿ ಬೇರೇನೇ ಒಂದು ಚೀಲ ಇತ್ತು. ಈ ಡಬ್ಬೀಗೂ ಒಂದ್ ಚೀಲ ಇರ್ಬೇಕಲ್ಲ? ಅದನ್ನ ಬಿಚ್ಚಿ ನೋಡಿದ್ರಾ?"

ನಾನು ನವಾಜರ ಮುಖ ನೋಡಿದೆ. ನವಾಜ್ ನನ್ನ ಮುಖ ನೋಡಿದರು. "ಅರೆ ಸಾರ್! ಒಂದ್ ಮಾತು ಹೇಳ್ಬಾರ್ದಾ? ಜರಡಿ ತಳ್ಳಿದ್ದೆಲ್ಲಾ ಅಲ್ಲೇ ಪಕ್ಕದಾಗೇ ಬಿದ್ದಿರ್ತದೆ. ತಿಂಗಳಿಗೊಂದ್ಸಲ ಅದೇ ಅಳಿಸ್ಕೊಂಬಿಡ್ತದೆ" ಅಂತ ಓಡಿಬಂದರು. ನಾನು ವಿಜ್ಞಾನದ ಮೇಷ್ಟ್ರು. ಜರಡಿ ಹಿಡಿದರೆ ಹಿಟ್ಟು ಕೆಳಗೆ, ತೌಡು ಮೇಲೆ ಉಳಿಯುತ್ತದೆ ಅಂತ ಎಂಟನೆಯ ತರಗತಿಗೆ ವರ್ಷ ವರ್ಷವೂ ಪಾಠ ಮಾಡಿದವನು. ಮೇಲೆ ಉಳಿದದ್ದು ಎಲ್ಲಿರುತ್ತದೆ ಅಂತ ನೋಡಬೇಕೆನ್ನುವ ಯೋಚನೆ ಒಂದು ದಿನವೂ ಬಂದಿರಲಿಲ್ಲ. ತಿಂಗಳಾಗುವುದಕ್ಕೆ ಎಷ್ಟು ದಿನ ಉಳಿದಿದೆಯೆಂದು ಬೆರಳು ಮಡಿಸುತ್ತಿದ್ದೆ, ನವಾಜ್ ಕಂಪ್ಯೂಟರಿನ ಇಲಿಯ ಮೇಲೆ ಕೈಯಿಟ್ಟರು, ಕರೆಂಟು ಹೋಯಿತು.

ನಮ್ಮೂರಿನ ಕರೆಂಟಿಗೆ ಹೊತ್ತುಗೊತ್ತು ಚೆನ್ನಾಗಿ ಗೊತ್ತು. ಒಂದೂಕಾಲು ಗಂಟೆ ಬರಲಿಲ್ಲ. ಬೈರಕೂರಿನ ಬಸ್ಸು ಎದುರಿಗೇ ಬಂದು ನಿಂತು, ಹಾರನ್ನು ಹೊಡೆದು, ಹೊರಟಿತು. "ನಿಮ್ಮ ಬಸ್ಸು" ಅಂದೆ. "ಹೋಗ್ಲಿ ಬಿಡಿ ಸಾಮಿ. ಕಾಗದ ಕೈಗೆ ಸೇರೋದನ್ನ ನೋಡ್ದೆ ನಾನು ಯಾವತ್ತು ಹೋಗಿದೀನಿ?" ಅಂದರು. ನವಾಜ್ ಟೀ ತರಿಸಿದರು. ಮೂವರೂ ಕತ್ತಲಾಗುತ್ತಿದ್ದ ಅಂಗಡಿಯಲ್ಲಿ ಆ ಕಪ್ಪು ಪರದೆ ನೋಡಿಕೊಂಡು ಕೂತೆವು. ಮುನಿಶಾಮಪ್ಪ, ಯಾವ ಮನೆಗೆ ಯಾವ ಕಾಗದ ತಂದಾಗ ಯಾರು ಏನು ಕೊಟ್ಟರು ಅಂತ ಹೇಳುತ್ತಾ ಹೊತ್ತು ಕಳೆದರು. ನನ್ನ ಅಕ್ಕನ ಮದುವೆಯ ಒಪ್ಪಿಗೆಯ ಕಾಗದ ತಂದವರೂ ತಾವೇ ಎಂದೂ, ನಮ್ಮಮ್ಮ ಅವತ್ತು ಒಬ್ಬಟ್ಟು ಕೊಟ್ಟಿದ್ದರೆಂದೂ ಹೇಳಿದರು. ನನಗೆ ಅದು ಮರೆತೇ ಹೋಗಿತ್ತು.

ಕರೆಂಟು ಬಂತು. ನವಾಜ್ ಚೀಲ ಬಿಚ್ಚಿದರು. ಅಬ್ಬಾ, ಏನು ರಾಶಿ! ಲಾಟರಿ, ಸಾಲ, ಬೊಜ್ಜು ಕರಗಿಸುವ ಮಾತ್ರೆ, ತಲೆಗೂದಲಿನ ಎಣ್ಣೆ, ಪರದೇಶದ ರಾಜಕುಮಾರರು. ನಾನು ಒಂದೊಂದನ್ನೇ ಓದಲು ಕನ್ನಡಕ ಸರಿಮಾಡಿಕೊಂಡೆ. ನವಾಜ್ ಒಂದೊಂದೇ ತೆರೆಯುತ್ತಾ ಹೋದರು. ಹತ್ತಿಪ್ಪತ್ತು ಆದ ಮೇಲೆ, ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ "ಶುಭ ಸಮಾಚಾರ!!! ಕೂಡಲೇ ಉತ್ತರಿಸಿ!!!" ಎಂದಿದ್ದ ಒಂದನ್ನು ತೆರೆದು, "ಇದೂ ಲಾಟರಿ" ಅಂತ ಮುಚ್ಚುವುದರಲ್ಲಿದ್ದರು. ವಿಳಾಸ ಓದುವಷ್ಟೇ ಇಂಗ್ಲಿಷ್ ಗೊತ್ತಿದ್ದ ಮುನಿಶಾಮಪ್ಪ ನಮ್ಮ ಬೆನ್ನ ಹಿಂದಿನಿಂದ ಕೂಗಿದರು:

"ತಡೀರಿ! ಅರಿಶಿನದ ಕಾಗದ!"

ನಿಜ. ಪರದೆಯ ತುಂಬಾ ಅರಿಶಿನದ ಬಣ್ಣ, ಅದರ ಮೇಲೆ ಕುಂಕುಮದ ಬಣ್ಣದ ಅಕ್ಷರ. ಈಮೇಲಿಗೆ ಮೂಲೆಯಿಲ್ಲ, ಅರಿಶಿನ ಹಚ್ಚುವುದು ಹೇಗೆ? ಶುಭದ ಕಾಗದವನ್ನು ಬೋಳು ಬೋಳಾಗಿ ಕಳಿಸುವುದೂ ಅಶುಭ. ಅನಂತರಾಮಯ್ಯ ಯೋಚನೆ ಮಾಡಿ, ಮಾಲೂರಿನ ಸೆಂಟರಿನವರನ್ನು ಕಾಡಿಬೇಡಿ, ಇಡೀ ಕಾಗದಕ್ಕೇ ಅರಿಶಿನ ಬಳಿಸಿದ್ದರು. ನಾಲ್ಕು ಜನಕ್ಕೆ ತಿಳಿಯಲೆಂದು ಹದಿನೆಂಟು ಬಂಧುಗಳ ವಿಳಾಸವನ್ನೂ ಸೇರಿಸಿದ್ದರು. ಮೋಸಗಾರರು ದುರಾಸೆಯಿಂದ ಏನೇನು ಮಾಡುತ್ತಾರೋ ಅಷ್ಟನ್ನೂ ಆ ಮಹಾನುಭಾವರು ಬರೀ ಸಂಭ್ರಮದಿಂದ ಮಾಡಿದ್ದರು. ಒಳಗೆ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು: ಹುಡುಗಿ ನಮ್ಮ ಮನೆಯವರಿಗೆಲ್ಲ ಒಪ್ಪಿಗೆ, ಹುಡುಗನಂತೂ ಹಸುವಿನ ಕೆಮ್ಮು ಹೇಗಿದೆಯೆಂದು ವಿಚಾರಿಸಲು ಹೇಳಿದ್ದಾನೆ. ಧನುರ್ಮಾಸಕ್ಕೆ ಮೊದಲು ತಮ್ಮ ಉತ್ತರ ಬಾರದಿದ್ದರೆ ತಮಗೆ ಇಷ್ಟವಿಲ್ಲವೆಂದು ತಿಳಿಯುತ್ತೇವೆ, ಬೇಸರವೇನೂ ಇಲ್ಲ. ತಾರೀಖು ನೋಡಿದರೆ ಅವರು ಊರಿಗೆ ಹೋದ ನಾಲ್ಕನೆಯ ದಿನವೇ ಬರೆದದ್ದು. ಇನ್ನು ಐದು ದಿನ ಬಿಟ್ಟಿದ್ದರೆ ಜರಡಿ ಅದನ್ನು ಬೂದಿಯೂ ಉಳಿಯದಂತೆ ಅಳಿಸಿಬಿಡುತ್ತಿತ್ತು. ನಾನು ಅಲ್ಲೇ ಎಲ್ಲರೆದುರು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕಣ್ಣೊರೆಸಿಕೊಂಡು, ತಕ್ಷಣ ಉತ್ತರ ಬರೆಯುತ್ತೇನೆ ಅಂತ ಕುರ್ಚಿ ಎಳೆದುಕೊಂಡೆ. ಮುನಿಶಾಮಪ್ಪ ಭುಜ ಹಿಡಿದರು. "ಬೇಡ ಸಾಮಿ. ಆ ಕಡೆ ಡಬ್ಬೀಗೂ ಒಂದ್ ಚೀಲ ಇದ್ರೆ? ನಾಳೆ ಮೊದಲ್ನೇ ಬಸ್ ಹತ್ತಿ." ಮಾರನೆಯ ಬೆಳಗ್ಗೆ ನಾನು ಮುಳಬಾಗಿಲಿನಿಂದ, ಅಕ್ಕ ಶ್ರೀನಿವಾಸಪುರದಿಂದ ಹೊರಟು, ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಸೇರಿ, ಹಣ್ಣು ಹೂವು ತೆಗೆದುಕೊಂಡು ಮಾಲೂರಿಗೆ ಹೋದೆವು. ದಾರಿಯುದ್ದಕ್ಕೂ ಅಕ್ಕ ಒಂದೇ ಮಾತು: "ನಂಗೆ ಕಂಪ್ಯೂಟರ್ ಬರಲ್ವಾ ಅಂದ್ಯಲ್ಲೋ." ಅನಂತರಾಮಯ್ಯ ಬಾಗಿಲಲ್ಲಿ ನಮ್ಮನ್ನು ನೋಡಿ ಗಾಬರಿಯಾಗಿ, ಆಮೇಲೆ ಮುಖ ಅರಳಿಸಿ, ಕೂರಿಸಿ, ನೀರು ಕೊಡುವ ಮೊದಲೇ ಕೇಳಿದ್ದು: "ಮೇಷ್ಟ್ರೇ, ಹಳದಿ ಚೆನ್ನಾಗಿ ಬಂದಿತ್ತೋ? ಇಲ್ಲಿ ಸ್ವಲ್ಪ ನಿಂಬೆಹಣ್ಣಿನ ಬಣ್ಣ ಆದಂಗಿತ್ತು." "ಕಣ್ಣಿಗೆ ಮೊದಲು ಬಿದ್ದದ್ದೇ ಅದು" ಅಂದೆ. ಸುಳ್ಳೇನೂ ಅಲ್ಲ. ಯಾರ ಕಣ್ಣಿಗೆ ಅಂತ ಹೇಳಲಿಲ್ಲ.

ಮಾಘದಲ್ಲಿ ಮದುವೆ, ಮುಳಬಾಗಿಲಿನಲ್ಲೇ ಛತ್ರ. ಲಗ್ನಪತ್ರಿಕೆ ಪ್ರೆಸ್ಸಿನಿಂದ ಬಂದ ಮಧ್ಯಾಹ್ನ ಮೊದಲನೆಯದನ್ನು ದೇವರ ಮುಂದಿಟ್ಟೆ, ಎರಡನೆಯದು ಮುನಿಶಾಮಪ್ಪನವರಿಗೆ ಅಂತ ಅವತ್ತೇ ತೀರ್ಮಾನ ಮಾಡಿದೆ. ಖುದ್ದಾಗಿ ಬೈರಕೂರಿಗೆ ಹೋಗಬೇಕಾದದ್ದು ನ್ಯಾಯ. ಆದರೆ ಬದುಕೆಲ್ಲ ಬೇರೆಯವರ ಕಾಗದ ಹೊತ್ತ ಮನುಷ್ಯನ ಹೆಸರಿಗೆ ಒಂದು ಕಾಗದ ಟಪಾಲಿನಲ್ಲೇ ಬಂದರೆ ಎಷ್ಟು ಚೆನ್ನ ಅನ್ನಿಸಿತು. ಸೋಮಾರಿತನಕ್ಕೆ ಇಷ್ಟು ಸೊಗಸಾದ ಕಾರಣ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಅವಸರದಲ್ಲಿ ವಿಳಾಸ ಬರೆದು, ಸ್ಟಾಂಪು ಹಚ್ಚಿ, ಓಡಿಹೋಗಿ ಡಬ್ಬಕ್ಕೆ ಹಾಕಿ ಬಂದೆ.

ವರಪೂಜೆಯ ದಿನ ಮಧ್ಯಾಹ್ನ ಛತ್ರದಲ್ಲಿ ಅಕ್ಕ ಕೇಳಿದಳು, "ಮುನಿಶಾಮಪ್ಪನೋರು ಬಂದ್ರೇನೋ?" ಬಂದಿರಲಿಲ್ಲ. ನವಾಜ್ ಬೆಳಗ್ಗೆಯೇ ಬಂದು ಫ್ಯಾನು ದೀಪ ಸರಿಮಾಡಿಸುತ್ತಿದ್ದರು. ಸುಮಾ ಕೈತುಂಬ ಮೆಹಂದಿ ಹಾಕಿಕೊಂಡು ಕೂತಲ್ಲಿಂದಲೇ, "ಅವರು ಬರದೇ ನಾನು ಹಸೆಗೆ ಕೂರಲ್ಲ ಮಾವ" ಅಂದಳು. ತಮಾಷೆಗೆ ಅಂದದ್ದು, ಆದರೆ ನಾನು ಸ್ಕೂಟರ್ ತೆಗೆದೆ. ದಾರಿಯಲ್ಲಿ ನನಗೆ ಸ್ವಲ್ಪ ಕೋಪವೂ ಬಂತು. ದೇವರ ಪಕ್ಕದ ಪತ್ರಿಕೆ ಕಳಿಸಿದ್ದೇನೆ, ಇಷ್ಟು ಉಪೇಕ್ಷೆಯೇ?

ಮುನಿಶಾಮಪ್ಪ ಜಗಲಿಯ ಮೇಲೆ ಕೂತು ಹೆಂಡತಿಯ ಜೊತೆ ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ಕಂಡು ಗಡಬಡಿಸಿ ಎದ್ದರು. "ಬನ್ನಿ ಸಾಮಿ. ಮದ್ವೆ ಚೆನ್ನಾಗಾಯ್ತಾ? ಮಗು ಚೆನ್ನಾಗೈತಾ?" ಅಂದರು. ಮುಖದಲ್ಲಿ ಬೇಸರದ ಗೆರೆಯೂ ಇರಲಿಲ್ಲ. ಕರೆದಿಲ್ಲವಾದರೂ ಕೇಳುವುದು ಕೇಳಬೇಕು ಅನ್ನುವ ಹಾಗೆ ಕೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಮದುವೆ ನಾಳೆ! ಪತ್ರಿಕೆ ಬರಲಿಲ್ವಾ? ನಾನೇ ಹಾಕಿದೀನಿ" ಅಂದೆ.

ಅವರ ಹೆಂಡತಿ ಒಳಗೆ ಹೋಗಿ, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ತಂತಿಯನ್ನೇ ತಂದರು. ಕರೆಂಟಿನ ಬಿಲ್ಲು, ಯಾವುದೋ ಚೀಟಿ ಕಂಪನಿಯ ಪ್ರಚಾರದ ಕಾಗದ, ಟ್ರ್ಯಾಕ್ಟರಿನ ಜಾಹೀರಾತು, ಇವುಗಳ ನಡುವೆ ಹೊಟ್ಟೆಗೆ ತಂತಿ ಚುಚ್ಚಿಕೊಂಡು, ಒಡೆಯದ ನನ್ನ ಲಕೋಟೆ. ಮುನಿಶಾಮಪ್ಪ ಅದನ್ನು ಬಿಡಿಸಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಒಂದ್ ಮೂಲೆಗೂ ಅರಿಶಿನ ಇಲ್ಲ ಸಾಮಿ" ಅಂದರು. ಬಯ್ಯಲಿಲ್ಲ. "ಯಾರೋ ಕಂಪನಿಯೋರದ್ದು ಅಂತ ಇವ್ಳು ಚುಚ್ಚವ್ಳೆ. ನಾನಾಗಿದ್ರೂ ಅಂಗೇ ಮಾಡ್ತಿದ್ದೆ."

ಪತ್ರಿಕೆ ಬಂದ ದಿನ ಸಂಜೆ ಅಕ್ಕ, ನನ್ನ ಹೆಂಡತಿ ಕೂತು ಐನೂರು ಪತ್ರಿಕೆಗೂ ಅರಿಶಿನ ಹಚ್ಚಿದ್ದರು. ಮಧ್ಯಾಹ್ನವೇ ಓಡಿದ ಈ ಒಂದಕ್ಕೆ ಮಾತ್ರ ಇಲ್ಲ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಪ್ರೀತಿಯಿಂದ ಕಳಿಸಿದ್ದು, ಬೋಳು ಕಾಗದ. ಮುನಿಶಾಮಪ್ಪ ಹೆಂಡತಿಯ ಕೈಲಿ ಅರಿಶಿನದ ಭರಣಿ ತರಿಸಿದರು. ಬೆರಳನ್ನು ನೀರಿಗದ್ದಿ, ಲಕೋಟೆಯ ನಾಲ್ಕು ಮೂಲೆಗೂ ನಿಧಾನವಾಗಿ ಹಚ್ಚಿ, ನನ್ನ ಕೈಗೆ ಕೊಟ್ಟು, "ಈಗ ಕೊಡಿ ಸಾಮಿ" ಅಂದರು. ನಾನು ಎರಡು ಕೈಯಲ್ಲೂ ಹಿಡಿದು ಕೊಟ್ಟೆ. ಅವರು ತೆಗೆದುಕೊಂಡು, ಬೀದಿಯ ಕಡೆ ತಿರುಗಿ, ಅದೇ ಹಳೆಯ ಗಂಟಲಿನಲ್ಲಿ, "ಅಮ್ಮಣ್ಣೀ, ಅರಿಶಿನದ ಕಾಗದ!" ಅಂತ ಕೂಗಿದರು. ಪಕ್ಕದಲ್ಲೇ ನಿಂತಿದ್ದ ಹೆಂಡತಿ ನಕ್ಕುಬಿಟ್ಟರು. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದರು.

ಗಂಡ ಹೆಂಡತಿ ಇಬ್ಬರೂ ಬಟ್ಟೆ ಬದಲಿಸಿ ಬಂದರು. ಹೆಂಡತಿಯವರನ್ನು ಬಸ್ಸಿಗೆ ಹತ್ತಿಸಿ, ಮುನಿಶಾಮಪ್ಪನವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಹೇಳಬೇಕೆಂದಿದ್ದ ಕೃತಜ್ಞತೆಯ ಮಾತನ್ನೆಲ್ಲ ದಾರಿಯಲ್ಲಿ ಹೇಳೋಣವೆಂದು ಬಾಯಿ ತೆರೆದೆ. ಮುನಿಶಾಮಪ್ಪ ನನ್ನ ಬೆನ್ನು ತಟ್ಟಿದರು.

"ಮಾತು ಆಮೇಲೆ ಸಾಮಿ, ರಸ್ತೆ ನೋಡಿ. ಇನ್ನೊಂದು ವಿಷ್ಯ. ಸ್ಕೂಲಲ್ಲಿ ಪಾಠ ಚೆನ್ನಾಗಿ ಮಾಡ್ತೀರಿ ಅಂತ ಎಲ್ರೂ ಅಂತಾರೆ. ಅದನ್ನೇ ಮಾಡ್ಕೊಂಡಿರಿ. ಕಾಗದದ ಕೆಲಸಕ್ಕೆ ಮಾತ್ರ ಬರ್ಬೇಡಿ."